ಇಂಗಾಲದ ಕೊಳವೆಯೊಳಗೆ ಒಂಟಿ ಎಲೆಕ್ಟ್ರಾನು

ವಿಜ್ಞಾನದ ಇತಿಹಾಸದಲ್ಲಿ ಎಣಿಕೆ ತಪ್ಪಿದ ಕಥೆಗಳೆಂದರೆ ನನಗೆ ಒಂದು ಬಗೆಯ ಖುಷಿ. ಇದೂ ಅಂಥದ್ದೇ.

ಕ್ವಾಂಟಂ ಡಾಟ್ ಎಂಬ ಪುಟ್ಟ ಗೂಡಿನಲ್ಲಿ ಒಂದೇ ಎಲೆಕ್ಟ್ರಾನನ್ನು ಕೂಡಿಹಾಕಿ, ಅದರ ಸ್ಪಿನ್ನನ್ನೇ ಕ್ಯೂಬಿಟ್ ಆಗಿ ಬಳಸಬಹುದು ಎಂದು 1998ರಲ್ಲಿ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ ಸೂಚಿಸಿದರು. ಪ್ರಯೋಗಗಳು ಹೆಚ್ಚಾಗಿ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ನಡೆದವು. ತೊಂದರೆ ಏನಪ್ಪಾ ಅಂದರೆ, ಅಲ್ಲಿನ ಪ್ರತಿಯೊಂದು ಪರಮಾಣುಬೀಜಕ್ಕೂ ತನ್ನದೇ ಸ್ಪಿನ್ ಇದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ!

ಹಾಗಾಗಿ ಕಣ್ಣು ಇಂಗಾಲದತ್ತ ಹೊರಳಿತು. ಪ್ರಕೃತಿಯಲ್ಲಿ ಸಿಗುವ ಇಂಗಾಲದಲ್ಲಿ ಸುಮಾರು 99% ಇಂಗಾಲ-12. ಅದರ ಬೀಜಕ್ಕೆ ಸ್ಪಿನ್ನೇ ಇಲ್ಲ. ಹಗುರ ಪರಮಾಣುವಾದ್ದರಿಂದ ಎಲೆಕ್ಟ್ರಾನಿನ ಓಟಕ್ಕೂ ಸ್ಪಿನ್ನಿಗೂ ಹೇಳಿಕೊಳ್ಳುವಂಥ ನಂಟಿರದು ಎಂದೂ ನಂಬಿದ್ದರು. 1991ರಲ್ಲಿ ಸುಮಿಯೊ ಇಜಿಮಾ ವಿವರಿಸಿದ ನ್ಯಾನೊಕೊಳವೆ ಸ್ಪಿನ್ನಿಗೆ ಪ್ರಶಾಂತ ಮನೆಯಾಗಿ ಕಂಡಿತು.

2008ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಯೂಮೆತ್, ಇಲಾನಿ, ರಾಲ್ಫ್, ಮೆಕ್‌ಯೂನ್ ಒಂಟಿ ಎಲೆಕ್ಟ್ರಾನನ್ನು ಅಳೆದು ನೋಡಿದರು. ಕೊಳವೆಯಾಗಿ ಸುರುಳಿಗೊಂಡ ಬಾಗೇ ಓಟವನ್ನೂ ಸ್ಪಿನ್ನನ್ನೂ ಗಂಟು ಹಾಕಿತ್ತು!

ಆ ಗಂಟನ್ನೇ ಹಿಡಿಕೆ ಮಾಡಿಕೊಂಡು, 2013ರಲ್ಲಿ ಡೆಲ್ಫ್ಟ್‌ನ ತಂಡ ಬಾಗಿದ ಕೊಳವೆಯೊಂದರಲ್ಲಿ ವಿದ್ಯುತ್ತಿನಿಂದಲೇ ಕ್ಯೂಬಿಟ್ಟನ್ನು ತಿರುಗಿಸಿತು. ಆದರೆ ಅದರ ನೆನಪು ಉಳಿದದ್ದು ಸುಮಾರು 65 ನ್ಯಾನೊಸೆಕೆಂಡು ಮಾತ್ರ. ಹಿಡಿಕೆ ಸಿಕ್ಕಿತು, ಪ್ರಶಾಂತ ಮನೆ ಸಿಗಲಿಲ್ಲ...