ಕೊಳೆರೋಗದ ಮದ್ದು: ಹಳೆಯದು, ಹೊಸದು



ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ತೋಟ ಇಟ್ಟವರು ಕೊಳೆರೋಗದ ಹೆಸರು ಕೇಳಿದ್ದೀರಿ. ನಮ್ಮ ಸೀಮೆಯ ಮಳೆ ಅಷ್ಟಕ್ಕಷ್ಟೆ. ಅದರ ಕಾಟ ಇಲ್ಲಿ ಕಡಿಮೆ. ಮಲೆನಾಡಿನಲ್ಲಿ ಹಾಗಲ್ಲ. ಆಷಾಢದ ಜಡಿಮಳೆ ಹಿಡಿಯಿತೆಂದರೆ ಎಳೆಗಾಯಿ ಕೊಳೆತು ಉದುರಿ, ವರುಷದ ಅನ್ನವೇ ನೆಲ ಸೇರುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವುದು ಹಿರಿಯರು ಕಂಡುಕೊಂಡಿದ್ದ ಉಪಾಯ.

1908ರಲ್ಲಿ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಕೊಳೆತ ಕಾಯನ್ನು ಪರೀಕ್ಷಿಸಿ, ಫೈಟಾಫ್ತೊರ ಎಂಬ ಬೂಷ್ಟೇ ಇದಕ್ಕೆ ಕಾರಣವೆಂದು 1910ರಲ್ಲಿ ಪ್ರಕಟಿಸಿದರು. (ಅದು ನಿಜವಾದ ಬೂಷ್ಟಲ್ಲ, ಬೂಷ್ಟಿನಂತೆ ಕಾಣುವ ಬೇರೆ ಬಳಗದ್ದು ಎಂದು ಈಗಿನ ಪಂಡಿತರ ಮಾತು. ಕೊಳೆತ ಕಾಯಿಗೆ ಎರಡೂ ಒಂದೇ!) ಫ್ರಾನ್ಸಿನಲ್ಲಿ ಮಿಲಾರ್ಡೆ ಎಂಬವರು 1885ರಲ್ಲಿ ದ್ರಾಕ್ಷಿಗೆ ಹೇಳಿಕೊಟ್ಟಿದ್ದ ಬೋರ್ಡೋ ದ್ರಾವಣವನ್ನು ಕೋಲ್ಮನ್ನರು ಅಡಿಕೆ ಗೊನೆಗೆ ಹೊಡೆಸಿದರು. ಕಾಯಿ ಉಳಿಯಿತು.

ಆ ಮದ್ದಿನಲ್ಲಿ ಇರುವುದಾದರೂ ಏನು? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು, ಅಷ್ಟೆ. ಕಲಸಿದ ಮೇಲೆ ಹೊಳೆಯುವ ಕುಡುಗೋಲು ಅದ್ದಿ ನೋಡಿ. ತಾಮ್ರ ಕೆಂಪಗೆ ಹತ್ತಿದರೆ ಸುಣ್ಣ ಸಾಲದು ಅಂತ ತಿಳಿಯಿರಿ. ನೂರು ವರುಷ ದಾಟಿದರೂ ಮಲೆನಾಡಿನವರು ಮಳೆಗೆ ಮುಂಚೆ ಇದನ್ನೇ ಹೊಡೆಯುತ್ತಾರೆ.

ಹೊಸ ಮದ್ದುಗಳ ಕಥೆ ಬೇರೆ. ಇದೇ ಫೈಟಾಫ್ತೊರ ಬಳಗಕ್ಕೆಂದು 1977ರಲ್ಲಿ ಮೆಟಲಾಕ್ಸಿಲ್ ಬಂತು. ಗಿಡದೊಳಗೇ ಇಳಿದು ಕೆಲಸ ಮಾಡುವ ಮದ್ದು, ಎಲ್ಲರೂ ಮೆಚ್ಚಿದರು. 1980ರಲ್ಲೇ ಐರ್ಲೆಂಡ್, ಹಾಲೆಂಡ್ ದೇಶಗಳ ಆಲೂಗಡ್ಡೆ ಹೊಲಗಳಲ್ಲಿ ಅದು ನಾಟದೆ ಹೋಯಿತು. ಹಿರಿಯೂರಿನ ಶೇಂಗಾ ಬೆಳೆಗಾರರು ಇನ್ನೊಂದು ಸಂಗತಿ ಕೇಳಬೇಕು. ಅಮೆರಿಕದ ಜಾರ್ಜಿಯ, ಅಲಬಾಮ ಪ್ರಾಂತ್ಯಗಳಲ್ಲಿ ಶೇಂಗಾದ ಎಲೆಚುಕ್ಕೆಗೆ ಬೆನೊಮಿಲ್ ಒಂದನ್ನೇ ಮೇಲಿಂದ ಮೇಲೆ ಹೊಡೆದರು. 1974ರ ಹೊತ್ತಿಗೆ ಆ ಮದ್ದಿಗೆ ಜಗ್ಗದ ಬೂಷ್ಟು ಅಲ್ಲಿ ಕಾಣಿಸಿಕೊಂಡಿತ್ತು.

ಯಾಕೆ ಹೀಗೆ? ಮೈಲುತುತ್ತದ ತಾಮ್ರ ರೋಗಾಣುವಿಗೆ ಹತ್ತು ಕಡೆ ಏಟು ಕೊಡುತ್ತದೆ. ಹೊಸ ಮದ್ದಿನದು ಒಂದೇ ಏಟು. ಕೋಟಿಯಲ್ಲಿ ಒಂದು ಅಣು ಆ ಜಾಗವನ್ನು ಕೊಂಚ ಬದಲಿಸಿಕೊಂಡರೆ ಸಾಕು, ಅದು ಬದುಕುತ್ತದೆ. ಮುಂದಿನ ಬೆಳೆಗೆ ಹೊಲವೆಲ್ಲ ಅದರ ಸಂತಾನ. ಆದ್ದರಿಂದಲೇ ಈಗ ಹೊಸ ಮದ್ದನ್ನು ಹೊಲದಲ್ಲಿ ಮಾತ್ರವಲ್ಲ, ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿಯೂ ಪರೀಕ್ಷಿಸುತ್ತಾರೆ: ಬೂಷ್ಟನ್ನು ಬೆಳೆಸಿ, ಮದ್ದಿನ ಪ್ರಮಾಣ ಏರಿಸುತ್ತ, ಎಷ್ಟಕ್ಕೆ ಬೆಳವಣಿಗೆ ನಿಲ್ಲುತ್ತದೆಂದು ಅಳೆಯುತ್ತಾರೆ. ಒಂಟಿ ಏಟಿನ ಮದ್ದಿಗೆ ಮ್ಯಾಂಕೊಜೆಬ್‌ನಂಥ ಹಲವು ಏಟಿನದನ್ನು ಬೆರೆಸಿ ಕೊಡುವುದೂ ಇದಕ್ಕೇ.

ಅಂಗಡಿಯಲ್ಲಿ ಈ ಸಲ ಬೇರೆ ಬಣ್ಣದ ಪೊಟ್ಟಣ ಕೊಟ್ಟರು ಅಂತ ಮದ್ದು ಬದಲಾಯಿತೆಂದು ತಿಳಿಯಬೇಡಿ. ದೊಡ್ಡಕ್ಷರದ ಹೆಸರು ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರು ಓದಿಸಿ. ಬೆನೊಮಿಲ್ ಗಿಡದೊಳಗೆ ಕಾರ್ಬೆಂಡಾಜಿಮ್ ಆಗಿಯೇ ಕೆಲಸ ಮಾಡುತ್ತದೆ. ಹೆಸರು ಎರಡು, ಏಟು ಒಂದೇ.