ಸಿನಿಕತನ: ಕಾಯಿಲೆಯೋ, ಕಲಿತ ಪಾಠವೋ?

ಇಂಡಿ ತಾಲ್ಲೂಕಿನ ಹೊರ್ತಿ ಭಾಗದಲ್ಲಿ ನೀರಾವರಿಯ ಮಾತು ತೆಗೆದರೆ ‘ಬರ್ಲಿ, ಬಂದ ಮ್ಯಾಲ ನೋಡೂಣು’ ಎಂಬ ಉತ್ತರ ಸಹಜ. ಊರಿನ ಹೆಸರು ಹೊತ್ತ ಹೊರ್ತಿ–ರೇವಣಸಿದ್ಧೇಶ್ವರ ಏತ ನೀರಾವರಿಗಾಗಿ ಇಲ್ಲಿಯವರು ಕಾದದ್ದು ಕಡಿಮೆಯಲ್ಲ. ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡ ಉಳಿಸಿಕೊಂಡ ರೈತ ಘೋಷಣೆಗಳನ್ನು ನಂಬದಿದ್ದರೆ ಅದು ಮನೋದೋಷವೇ? ಸಿನಿಕತನದ ಅಧ್ಯಯನ ಈ ಪ್ರಶ್ನೆಯ ಹತ್ತಿರ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅಮೆರಿಕದ ಸಂಶೋಧಕರಾದ ಕುಕ್ ಮತ್ತು ಮೆಡ್ಲಿ 1954ರಲ್ಲಿ, ಇತರರ ಬಗೆಗಿನ ಹಗೆತನ, ಅಪನಂಬಿಕೆಯನ್ನು ಅಳೆಯುವ 50 ಹೇಳಿಕೆಗಳ ಒಂದು ಮಾಪಕ ರೂಪಿಸಿದರು. ಶಿಕ್ಷಕರು ಮಕ್ಕಳೊಂದಿಗೆ ಹೇಗೆ ಹೊಂದಿಕೊಳ್ಳುತ್ತಾರೆ ಎಂದು ಅರಿಯುವುದು ಅವರ ಉದ್ದೇಶ. ಆದರೆ ಅದು ಹೃದ್ರೋಗ ತಜ್ಞರ ಕೈ ಸೇರಿತು. ವಿದ್ಯಾರ್ಥಿಗಳಾಗಿದ್ದಾಗ ಆ ಪರೀಕ್ಷೆ ಬರೆದಿದ್ದ 255 ವೈದ್ಯರನ್ನು 25 ವರ್ಷಗಳ ನಂತರ ನೋಡಿದಾಗ, ಹೆಚ್ಚು ಅಂಕ ಪಡೆದವರಲ್ಲಿ ಹೃದ್ರೋಗವೂ ಹೆಚ್ಚಿತ್ತು. 1983ರ ಈ ವರದಿ ದೊಡ್ಡ ಸುದ್ದಿಯಾಯಿತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಈ ನಂಟು ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆ, ನಂಟು ಇದೆ, ಆದರೆ ಸಣ್ಣದು ಎಂದಿತು.

ತಿರುವು ಬಂದದ್ದು 2016ರಲ್ಲಿ. ಸಂಶೋಧಕರಾದ ಓಲ್ಗಾ ಸ್ಟಾವ್ರೋವಾ ಮತ್ತು ಡೇನಿಯಲ್ ಎಹ್ಲೆಬ್ರಾಕ್ಟ್ ಅವರು, ಇತರರನ್ನು ನಂಬದವರ ಗಳಿಕೆ ವರ್ಷ ಕಳೆದಂತೆ ಹಿಂದೆ ಬೀಳುತ್ತದೆ ಎಂದು ತೋರಿಸಿದರು. ಯಾರ ಸಹಾಯವನ್ನೂ ಕೇಳದವನಿಗೆ ಸಹಕಾರದ ಲಾಭವೂ ಇಲ್ಲ. ಆದರೆ ಅಪರಾಧ ಹೆಚ್ಚಿರುವ, ಪರಸ್ಪರ ನೆರವು ಕಡಿಮೆಯಿರುವ ದೇಶಗಳಲ್ಲಿ ಈ ನಷ್ಟ ಕಾಣಲಿಲ್ಲ. ಅನುಮಾನಕ್ಕೆ ಕಾರಣವಿರುವ ಕಡೆ ಅನುಮಾನ ದುಬಾರಿಯಲ್ಲ.

ಭರವಸೆಯ ಅಧ್ಯಯನವೂ ಹೀಗೇ ಮಗ್ಗುಲು ಬದಲಿಸಿತು. ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್ 1967ರಲ್ಲಿ, ತಪ್ಪಿಸಿಕೊಳ್ಳಲಾಗದ ಪೆಟ್ಟು ತಿಂದ ಜೀವಿ ಅಸಹಾಯಕತೆಯನ್ನು ಕಲಿಯುತ್ತದೆ ಎಂದಿದ್ದರು. 2016ರಲ್ಲಿ ಅವರೇ ಅದನ್ನು ತಿದ್ದಿದರು: ಕೈಚೆಲ್ಲುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದ್ದು ‘ನನ್ನಿಂದ ಆಗುತ್ತದೆ’ ಎಂಬುದನ್ನು. ಮನೋವಿಜ್ಞಾನಿ ಸ್ನೈಡರ್ 1991ರಲ್ಲೇ ಭರವಸೆಯನ್ನು ಎರಡಾಗಿ ಬಿಡಿಸಿದ್ದರು: ಮಾಡುವ ಛಲ, ಮಾಡಲು ಕಾಣುವ ದಾರಿ. ದಾರಿಯಿಲ್ಲದ ಛಲವನ್ನು ಭಾಷಣದಿಂದ ಉಳಿಸಲಾಗದು.

ದಾರಿ ಎಲ್ಲಿಂದ ಬರುತ್ತದೆ? ಬ್ರೆಜಿಲ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಒಂದೇ ದೋಣಿಯಲ್ಲಿ ತಂಡವಾಗಿ ಸಮುದ್ರಕ್ಕಿಳಿಯುವ ಮೀನುಗಾರರು, ಸರೋವರದಲ್ಲಿ ಒಬ್ಬೊಬ್ಬರೇ ಮೀನು ಹಿಡಿಯುವವರಿಗಿಂತ ಹೆಚ್ಚು ಸಹಕಾರಿಗಳಾಗಿದ್ದರು. ದುಡಿಮೆಯ ರೀತಿಯೇ ಮನಸ್ಸನ್ನು ತಿದ್ದುತ್ತದೆ. ನಮ್ಮಲ್ಲಿ ಕೆರೆ ಎಂದರೆ ಊರೆಲ್ಲರ ಲೆಕ್ಕ. ಬೋರ್‌ವೆಲ್ ಎಂದರೆ ಪಕ್ಕದ ಹೊಲದವನಿಗಿಂತ ಆಳಕ್ಕೆ ಇಳಿಯುವ ಪೈಪೋಟಿ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ಎದುರಿಗಿದ್ದದ್ದು ಇದೇ ಪ್ರಶ್ನೆ: ಸಾಲ ತೀರಿಸುತ್ತಾನೆಂದು ನೆರೆಯವನನ್ನು ನಂಬಬಹುದೇ?

ಯೋಜನೆಯನ್ನು ಶಂಕಿಸುವುದು ಅನುಭವ. ನೆರೆಯವನನ್ನೂ ಶಂಕಿಸತೊಡಗಿದರೆ ಅದು ನಷ್ಟ. ಮೊದಲನೆಯದಕ್ಕೆ ಉಪದೇಶ ಬೇಕಿಲ್ಲ. ಯಾವ ವಾರ ಯಾವ ಕೆರೆಗೆ ನೀರು ಎಂದು ಪಂಚಾಯಿತಿ ಗೋಡೆಯ ಮೇಲೆ ಬರೆದು, ಬರೆದಂತೆ ಬಿಟ್ಟರೆ ಸಾಕು. ಎರಡನೆಯದನ್ನು ತಡೆಯಲು ನಾಲ್ಕು ಮನೆಯವರು ಕೂಡಿ ಮಾಡಿ ಮುಗಿಸಬಲ್ಲ ಸಣ್ಣ ಕೆಲಸ ಬೇಕು, ಅದೂ ಈ ಬೇಸಿಗೆಯೊಳಗೆ ಫಲ ಕಾಣುವಂಥದ್ದು.