ಎರಡು ತಲೆ, ಒಂದೇ ಹೊಟ್ಟೆ

ಗಂಡಭೇರುಂಡವನ್ನು ನೋಡದ ಕನ್ನಡಿಗ ಇರಲಿಕ್ಕಿಲ್ಲ. ನಮ್ಮ ರಾಜ್ಯ ಸರ್ಕಾರದ ಲಾಂಛನದಲ್ಲಿ, ಕೆಂಪು ಗುರಾಣಿಯ ಮೇಲೆ ಇರುವ ಬಿಳಿ ಹಕ್ಕಿ ಅದೇ. ಅಕ್ಕಪಕ್ಕದಲ್ಲಿ ಆನೆಯ ಸೊಂಡಿಲಿನ ಸಿಂಹಗಳು, ಮೇಲೆ ಅಶೋಕನ ಸಿಂಹಗಳು. ಸರ್ಕಾರಿ ಕಾಗದಗಳ ಮೇಲೆ ನೋಡಿ ನೋಡಿ, ಈಗ ಅದು ಕಣ್ಣಿಗೆ ಬೀಳುವುದೇ ಇಲ್ಲ ಅನ್ನಿ. ಹೋದ ಸಲ ಊರಿಗೆ (ನರೇಗಲ್ಲಿಗೆ) ಹೋದಾಗ ಅಪ್ಪನ ಹಳೇ ಕಾಗದಪತ್ರಗಳನ್ನು ಜೋಡಿಸುತ್ತ ಕೂತಿದ್ದೆ. ಆಗ ತಲೆಗೆ ಹೊಕ್ಕಿದ ಪ್ರಶ್ನೆ ಇದು: ಎರಡು ತಲೆಯ ಹಕ್ಕಿಯನ್ನು ಒಂದು ರಾಜ್ಯ ತನ್ನ ಗುರುತಾಗಿ ಯಾಕೆ ಇಟ್ಟುಕೊಂಡಿತು?

ಪ್ರಶ್ನೆ ಯಾಕೆಂದರೆ, ಕಥೆಗಳಲ್ಲಿ ಈ ಹಕ್ಕಿಗೆ ಒಳ್ಳೆಯ ಹೆಸರಿಲ್ಲ. ಸಂಸ್ಕೃತ ಪಂಚತಂತ್ರದಲ್ಲಿ ಭಾರುಂಡ ಎಂಬ ಹಕ್ಕಿ ಬರುತ್ತದೆ. ತಲೆ ಎರಡು, ಹೊಟ್ಟೆ ಒಂದೇ. ಒಂದು ತಲೆಗೆ ಅಮೃತದಂಥ ಹಣ್ಣು ಸಿಗುತ್ತದೆ. ಇನ್ನೊಂದು ತಲೆ ನನಗೂ ಕೊಡು ಅನ್ನುತ್ತದೆ. 'ಹೇಗಿದ್ದರೂ ಹೋಗುವುದು ಒಂದೇ ಹೊಟ್ಟೆಗಲ್ಲವೇ' ಎಂದು ಮೊದಲನೆಯದು ಉಳಿದದ್ದನ್ನು ಹೆಂಡತಿಗೆ ಕೊಟ್ಟುಬಿಡುತ್ತದೆ! ಲಾಜಿಕ್ ಪ್ರಕಾರ ನೋಡಿದರೆ ಅದು ಹೇಳಿದ್ದು ಸರಿಯೇ. ಆದರೆ ಅವಮಾನಕ್ಕೆ ಲಾಜಿಕ್ ಎಲ್ಲಿದೆ? ಎರಡನೆಯ ತಲೆ ಸಿಟ್ಟು ಇಟ್ಟುಕೊಂಡು, ಒಂದು ದಿನ ಬೇಕಂತಲೇ ವಿಷದ ಹಣ್ಣು ತಿನ್ನುತ್ತದೆ. ಎರಡೂ ಸಾಯುತ್ತವೆ.

ಈ ಕಥೆ ಬಹಳ ಹಿಂದೆಯೇ ಬೌದ್ಧರ ಜೊತೆ ಚೀನಾಕ್ಕೆ ಹೋಗಿತ್ತು. 5ನೇ ಶತಮಾನದಲ್ಲಿ ಚೀನೀ ಭಾಷೆಗೆ ಬಂದ ಒಂದು ಬೌದ್ಧ ಕಥಾಸಂಗ್ರಹದಲ್ಲಿ ಇದೇ ಎರಡು ತಲೆಯ ಹಕ್ಕಿ, ಇದೇ ವಿಷ. ಅಲ್ಲಿ ಒಂದು ತಲೆ ಬುದ್ಧ, ಇನ್ನೊಂದು ಅವನ ದಾಯಾದಿ ದೇವದತ್ತ. ಚೀನೀಯರು ಹಕ್ಕಿಗೆ ಇಟ್ಟ ಹೆಸರು 'ಗೊಂಗ್ ಮಿಂಗ್', ಅಂದರೆ ಜೀವ ಹಂಚಿಕೊಂಡದ್ದು. ಎಷ್ಟು ಚೆಂದದ ಹೆಸರು ನೋಡಿ. ಕುಮಾರಜೀವ 402ರಲ್ಲಿ ಅನುವಾದಿಸಿದ ಅಮಿತಾಭ ಸೂತ್ರದಲ್ಲಿ ಅದು ಸುಖಾವತಿಯ ಹಾಡುಹಕ್ಕಿಗಳಲ್ಲಿ ಒಂದು. 8ನೇ ಶತಮಾನದ ಮಹಾಕವಿ ದು ಫು ಬೆಟ್ಟದ ಮೇಲಿನ ವಿಹಾರಗಳನ್ನು ಕುರಿತು ಬರೆದ ಪದ್ಯದಲ್ಲೂ ಅದರ ದನಿ ಕೇಳಿಸುತ್ತದೆ.

ಆದರೆ ಚೀನೀಯರಿಗೆ ಅರಸೊತ್ತಿಗೆಯ ಹಕ್ಕಿ ಬೇರೆಯೇ ಇತ್ತು. ಅದು ಫೆಂಗ್ ಹುವಾಂಗ್. ಒಳ್ಳೆಯ ರಾಜ ಆಳುವಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ ಎಂಬ ನಂಬಿಕೆ. ತನ್ನ ಕಾಲದಲ್ಲಿ ಅದು ಬರಲಿಲ್ಲವಲ್ಲ ಎಂದು ಕನ್‌ಫ್ಯೂಷಿಯಸ್ ಕೊರಗಿದ್ದುಂಟು. ಅಲ್ಲಿ ಹಕ್ಕಿ ಪರೀಕ್ಷಕ, ರಾಜ ಪರೀಕ್ಷೆಗೆ ಕೂತವನು.

ನಮ್ಮಲ್ಲಿ ಇದು ತಿರುವುಮುರುವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದರೆ ಸುಮಾರು 30 ಅಡಿ ಎತ್ತರದ ಗಂಡಭೇರುಂಡ ಕಂಬ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರನ ಸಾಮಂತ ಚಾವುಂಡರಾಯ 1047ರಲ್ಲಿ ಅದನ್ನು ಜಗದೇಕಮಲ್ಲೇಶ್ವರ ಗುಡಿಯ ಮುಂದೆ ನಿಲ್ಲಿಸಿದ. ತುದಿಯಲ್ಲಿರುವುದು ಹಕ್ಕಿಯಲ್ಲ, ಗಮನಿಸಿ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. 'ಗಂಡಭೇರುಂಡ' ಎಂಬುದು ಚಾವುಂಡರಾಯನದೇ ಬಿರುದು. ಹಳಗನ್ನಡದ ಬಿರುದುಗಳಲ್ಲಿ 'ಗಂಡ' ಅಂದರೆ ಶೂರ. ಅಂದಮೇಲೆ ಹಕ್ಕಿ ಬಂದು ರಾಜನನ್ನು ಮೆಚ್ಚಲಿ ಎಂದು ಕಾಯುವ ಪ್ರಶ್ನೆಯೇ ಇಲ್ಲ, ಆತನೇ ಹಕ್ಕಿಯಾಗಿಬಿಟ್ಟ! ಅಲ್ಲಿನ ಶಾಸನಗಳಲ್ಲಿ ಭೂಮಿ ಅಳೆಯುವ ಒಂದು ಗಳೆಗೂ ಭೇರುಂಡದ ಹೆಸರಿದೆ.

ಇಲ್ಲಿ ನಮ್ಮ ರೋಣದ ಸೀಮೆಗೊಂದು ನಂಟು ಇದೆ. ಗುಡಿಯ ಹೆಸರಿನ 'ಜಗದೇಕಮಲ್ಲ' ಚಾಲುಕ್ಯ ಇಮ್ಮಡಿ ಜಯಸಿಂಹನ ಬಿರುದು. ಆತನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನೇ ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದವನು. ಊರು ಕಿಸುಕಾಡು ನಾಡಿನ ಸಯ್ಯಡಿ, ಅಂದರೆ ಈಗಿನ ರೋಣ ತಾಲ್ಲೂಕಿನ ಸವಡಿ. ಆತ ಅನುಸರಿಸಿದ್ದು ವಿಷ್ಣುಶರ್ಮನನ್ನಲ್ಲ, ವಸುಭಾಗಭಟ್ಟನನ್ನು. ಪಂಚತಂತ್ರ ಕನ್ನಡಕ್ಕೆ ಬಂದ 16 ವರ್ಷಕ್ಕೆ ಅದೇ ರಾಜ್ಯದಲ್ಲಿ ಎರಡು ತಲೆಯ ಹಕ್ಕಿ ಕಂಬ ಏರಿ ಕೂತಿತು.

ಭೇರುಂಡಕ್ಕೆ ಜನ ಸಾಮಾನ್ಯವಾಗಿ ಹೇಳುವ ಕಥೆ ಬೇರೆ. ನರಸಿಂಹನನ್ನು ಅಡಗಿಸಲು ಶಿವ ಶರಭನಾದ, ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ ಅಂತ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಅದಕ್ಕೆ ಹೊಂದುವ ಶಿಲ್ಪವೂ ಇದೆ. ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಭೇರುಂಡ ಹಿಡಿಯುವ ಸಾಲು. ಆದರೆ ಬಳ್ಳಿಗಾವಿಯ ಕಂಬ ನಿಂತದ್ದು ಶಿವನ ಗುಡಿಯ ಎದುರು. ಶಿವನನ್ನು ಸೋಲಿಸಿದ ಹಕ್ಕಿಯನ್ನು ಶಿವನ ಮುಂದೆಯೇ ಯಾರಾದರೂ ನಿಲ್ಲಿಸುತ್ತಾರೆಯೇ? ಹಾಗಾಗಿ ನನ್ನ ಮಟ್ಟಿಗೆ ಈ ಹಕ್ಕಿ ಮೊದಲು ಬಿರುದು, ಮತಗಳ ಜಗಳ ಆಮೇಲೆ ಅಂಟಿಕೊಂಡದ್ದು.

ಹಾಗಾದರೆ ವಿಷದ ಹಣ್ಣಿನ ಕಥೆ ಏನಾಯಿತು? ವಿಜಯನಗರದ ಅಚ್ಯುತದೇವರಾಯನ (1529-1542) ಚಿನ್ನದ ನಾಣ್ಯ ನೋಡಿ. ಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಕೆಳದಿಯ ರಾಮೇಶ್ವರ ಗುಡಿಯ ಭೇರುಂಡಕ್ಕೂ ಬೇಟೆ ಸಿಕ್ಕಿದೆ. ಎರಡೂ ತಲೆಗೆ ಹೊರಗೆ ಕೆಲಸ ಇದೆ, ಒಂದರ ಬಾಯಿ ಇನ್ನೊಂದು ನೋಡಲು ಪುರಸೊತ್ತಿಲ್ಲ. ಕಥೆಯ ಹಕ್ಕಿಗೆ ಇಲ್ಲದ್ದು ಅದೇ. ಮೈಸೂರು ಒಡೆಯರ ಲಾಂಛನದಲ್ಲಿ ಕೊಕ್ಕು ಖಾಲಿ, ಅಲ್ಲಿಂದ ಬಂದ ನಮ್ಮ ರಾಜ್ಯ ಲಾಂಛನದಲ್ಲೂ ಖಾಲಿ.

ಇನ್ನೊಂದು ತಮಾಷೆ ಅನ್ನಿಸುವುದು ಚಾವುಂಡರಾಯ ಸಾಮಂತನಾಗಿದ್ದ ಎಂಬುದು. ಮೇಲೊಬ್ಬ ಚಕ್ರವರ್ತಿ, ಕೆಳಗೊಬ್ಬ ಸಾಮಂತ, ಉಣ್ಣುವ ನಾಡು ಒಂದೇ. ಕಂಬ ನೆಟ್ಟು ನೂರು ಚಿಲ್ಲರೆ ವರ್ಷ ಕಳೆದ ಮೇಲೆ ಇನ್ನೊಬ್ಬ ಸಾಮಂತ, ಕಳಚೂರಿ ಬಿಜ್ಜಳ, ಚಾಲುಕ್ಯರ ಕಲ್ಯಾಣವನ್ನೇ ಕೈವಶ ಮಾಡಿಕೊಂಡ. ಆ ಗದ್ದಲದಲ್ಲಿ ಚಾಲುಕ್ಯರೂ ಉಳಿಯಲಿಲ್ಲ, ಕಳಚೂರಿಗಳೂ ಉಳಿಯಲಿಲ್ಲ. 1190ರ ಹೊತ್ತಿಗೆ ನಮ್ಮ ಗದಗಿನ ಕಡೆಯ ನೆಲ ದೇವಗಿರಿಯ ಯಾದವರು, ದೋರಸಮುದ್ರದ ಹೊಯ್ಸಳರು ಕಾದಾಡುವ ಜಾಗವಾಗಿತ್ತು.